ಮರೆವಿನ ಕಾಯಿಲೆ ಇರುವ ಮನೆಗೆ ಯಾವ ಎಣ್ಣೆ? ವಿಜಯಪುರದ ಗಾಣದಂಗಡಿ ಸರಕಿನ ವಿಮರ್ಶೆ

ವಿಜಯಪುರ, ಬಾಗಲಕೋಟೆಗಳಲ್ಲಿ ಈಗ ಓಣಿಗೊಂದು ಎನ್ನುವ ಹಾಗೆ ಮರದ ಗಾಣದ ಅಂಗಡಿಗಳು ಎದ್ದಿವೆ. ಕುಸುಬಿ, ಶೇಂಗಾ, ಎಳ್ಳು, ಅಗಸಿ, ಕೊಬ್ಬರಿ, ಎಲ್ಲವನ್ನೂ ಕಣ್ಣೆದುರೇ ಅರೆದು ಕೊಡುತ್ತಾರೆ. ಸರಕಿನ ಜೊತೆ ಮಾತೂ ಬರುತ್ತದೆ. ಮನೆಯಲ್ಲಿ ಹಿರಿಯರಿಗೆ ಮರೆವು ಶುರುವಾಗಿದೆ ಎಂದು ಬಾಯಿ ತಪ್ಪಿ ಹೇಳಿದರೆ ಸಾಕು, "ದಿನಾ ಮುಂಜಾನೆ ಎರಡ ಚಮಚಾ ಕುಡಸ್ರಿ ಅಕ್ಕಾರ, ತಿಂಗಳದಾಗ ಮುತ್ಯಾಗ ಎಲ್ಲಾರ ಹೆಸರೂ ನೆನಪ ಬರತಾವ" ಎಂಬ ಭರವಸೆ ಬಾಟಲಿಯ ಜೊತೆ ಪುಕ್ಕಟೆ. ಎಣ್ಣೆ ಒಳ್ಳೆಯದೇ ಇರಬಹುದು. ಭರವಸೆ ಮಾತ್ರ ಕಲಬೆರಕೆ.

ಇಲ್ಲಿ ತೂಗಿ ನೋಡಿರುವುದು ಒಂದೇ ಪ್ರಶ್ನೆಯನ್ನು: ಅಲ್ಝೈಮರ್ ಎಂಬ ಮರೆವಿನ ಕಾಯಿಲೆ ಇರುವ ಹಿರಿಯರ ತಟ್ಟೆಗೆ ಈ ಪೇಟೆಯಲ್ಲಿ ಸಿಗುವ ಎಣ್ಣೆಗಳಲ್ಲಿ ಯಾವುದು ಬೀಳಬೇಕು, ಎಷ್ಟು ಬೀಳಬೇಕು. ತೀರ್ಪನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಒಗ್ಗರಣೆಗೆ ಶೇಂಗಾ, ಪಲ್ಯಕ್ಕೆ ಶೇಂಗಾ ಮತ್ತು ಕುಸುಬಿ ಎಣ್ಣೆ ಸರದಿಯ ಮೇಲೆ, ರೊಟ್ಟಿಯ ಬದಿಗೆ ಅಗಸಿ ಹಿಂಡಿ, ಅಂದರೆ ಹುರಿದ ಅಗಸಿ ಬೀಜದ ಖಾರಪುಡಿ. ಕೊಬ್ಬರಿ ಎಣ್ಣೆ ಕುಡಿಸುವುದು ಬೇಡ. ಔಷಧ ಅಂಗಡಿಯ ಎಂಸಿಟಿ (ನಡುಗಾತ್ರದ ಸರಪಳಿಯ ಕೊಬ್ಬು) ಬಾಟಲಿಯನ್ನು ಡಾಕ್ಟರನ್ನು ಕೇಳದೆ ಮನೆಗೆ ತರಬಾರದು. ಇವುಗಳಲ್ಲಿ ಯಾವುದೂ ಹೋದ ನೆನಪನ್ನು ವಾಪಸು ತರುವುದಿಲ್ಲ.

ಎಣ್ಣೆಗೂ ಮೆದುಳಿಗೂ ಇರುವ ನಂಟು ಹಾಗಾದರೆ ಪೂರಾ ಕಟ್ಟುಕಥೆಯೇ? ಅಲ್ಲ, ಅದಕ್ಕೇ ಈ ವ್ಯಾಪಾರ ನಡೆಯುತ್ತಿರುವುದು. ಮೆದುಳಿನ ತೂಕ ದೇಹದ ತೂಕದಲ್ಲಿ ನೂರಕ್ಕೆ 2ರಷ್ಟು, ಆದರೆ ಅದು ತಿನ್ನುವ ಶಕ್ತಿ ನೂರಕ್ಕೆ 20. ಆ ಶಕ್ತಿಯ ಬಹುಪಾಲು ಗ್ಲೂಕೋಸಿನಿಂದ ಬರುತ್ತದೆ. ಅಲ್ಝೈಮರ್‌ನಲ್ಲಿ ಮೆದುಳಿನ ಕೆಲವು ಭಾಗಗಳು ಗ್ಲೂಕೋಸನ್ನು ಎಳೆದುಕೊಳ್ಳುವುದನ್ನು ಕಡಿಮೆ ಮಾಡುತ್ತವೆ. ಮೆದುಳಿನ ಚಟುವಟಿಕೆ ತೋರಿಸುವ ಪೆಟ್ ಸ್ಕ್ಯಾನಿನಲ್ಲಿ ಇದು ಕಣ್ಣಿಗೇ ಕಾಣುತ್ತದೆ. ಜೊತೆಗೆ ಇನ್ಸುಲಿನ್ ಹೇಳಿದ ಮಾತನ್ನು ಜೀವಕೋಶಗಳು ಕೇಳದಿರುವ ತೊಂದರೆ. ಸಕ್ಕರೆ ಕಾಯಿಲೆ ಇದ್ದವರಿಗೆ ಮರೆವಿನ ಕಾಯಿಲೆಯ ಸಾಧ್ಯತೆ ಹೆಚ್ಚಿರುವುದೂ ಇದೇ ದಿಕ್ಕಿಗೆ ಬೆರಳು ತೋರಿಸುತ್ತದೆ. 2005ರಲ್ಲಿ ಅಮೆರಿಕದ ಸುಝಾನ್ ಡಿ ಲಾ ಮಾಂಟ್ ತಂಡ ಇದನ್ನು "ಮೂರನೆಯ ಬಗೆಯ ಮಧುಮೇಹ" ಎಂದು ಕರೆದದ್ದು ಈ ಕಾರಣಕ್ಕೆ. ಹೆಸರು ಜನಕ್ಕೆ ಹಿಡಿಸಿತು, ಆದರೆ ಅದು ವೈದ್ಯಕೀಯ ರೋಗನಿರ್ಣಯದ ಹೆಸರಲ್ಲ.

ಇನ್ನೊಂದು ಸಂಗತಿಯೂ ಕಂಡುಬಂತು. ಗ್ಲೂಕೋಸನ್ನು ಸರಿಯಾಗಿ ಬಳಸಲಾಗದ ಅದೇ ಮೆದುಳು ಕೀಟೋನನ್ನು ಬಹುಮಟ್ಟಿಗೆ ಮೊದಲಿನಂತೆಯೇ ಉರಿಸಿಕೊಳ್ಳುತ್ತದೆ. ಕೀಟೋನ್ ಅಂದರೆ ಕೊಬ್ಬನ್ನು ಯಕೃತ್ತು ಒಡೆದು ಮಾಡುವ ಬದಲಿ ಸೌದೆ. ಎಣ್ಣೆಯ ವಾದ ನಿಂತಿರುವ ಮೊದಲ ಕಂಬ ಇದು. ಎರಡನೆಯ ಕಂಬ, ಮೆದುಳಿನೊಳಗೆ ಕೊಬ್ಬನ್ನು ಸಾಗಿಸುವ ಅಪೊಲಿಪೊಪ್ರೋಟೀನ್-ಇ ಎಂಬ ಪ್ರೋಟೀನು. ಇದರ ಇ4 ಎಂಬ ನಮೂನೆ ತಂದೆಯಿಂದಲೋ ತಾಯಿಯಿಂದಲೋ ಬಂದಿದ್ದರೆ ಅಲ್ಝೈಮರ್ ಸಾಧ್ಯತೆ ಹಲವು ಪಟ್ಟು ಏರುತ್ತದೆ ಎಂದು 1993ರಲ್ಲಿ ಗೊತ್ತಾಯಿತು. ಕೊಬ್ಬಿನ ಸಾಗಣೆಗೂ ಈ ರೋಗಕ್ಕೂ ಸಂಬಂಧವಿದೆ ಎಂಬುದು ನಿಜ. ಆ ನಿಜದಿಂದ ಎರಡು ಚಮಚ ಎಣ್ಣೆಯ ತನಕ ಬರುವ ದಾರಿ ಮಾತ್ರ ಬಹಳ ದೂರ.

ಕುಸುಬಿ ಎಣ್ಣೆ

ಮೊದಲು ಕುಸುಬಿ, ಏಕೆಂದರೆ ಅದು ಈ ಎರೆಭೂಮಿಯ ಬೆಳೆ. ಹಿಂಗಾರಿನಲ್ಲಿ ಜೋಳದ ಪಕ್ಕ ಮುಳ್ಳು ಚಾಚಿ ನಿಲ್ಲುತ್ತದೆ. ಫೆಬ್ರವರಿ-ಮಾರ್ಚಿನಲ್ಲಿ ಕೈಗೆ ಬಟ್ಟೆ ಸುತ್ತಿಕೊಂಡು ಕೊಯ್ಯಬೇಕು. ಆ ಮುಳ್ಳಿಗೆ ಆಳು ಸಿಗದೇ ಹಲವರು ಬಿತ್ತುವುದನ್ನೇ ಬಿಟ್ಟರು. ಹೊಸ ಬೀಜದ ಎಣ್ಣೆ ಬೇಕಿದ್ದರೆ ಯುಗಾದಿಯ ಹೊತ್ತಿಗೆ ಕೊಳ್ಳಬೇಕು. ದೀಪಾವಳಿಗೆ ಸಿಗುವುದು ಆರೆಂಟು ತಿಂಗಳು ಚೀಲದಲ್ಲಿ ಕೂತ ಬೀಜದ್ದು.

ಕುಸುಬಿ ಎಣ್ಣೆಯಲ್ಲಿ ನೂರಕ್ಕೆ 75ರ ಆಸುಪಾಸು ಲಿನೋಲಿಕ್ ಆಮ್ಲ, ಅಂದರೆ ಒಮೆಗಾ-6. ಒಮೆಗಾ-3 ಇಲ್ಲವೆಂದರೂ ನಡೆದೀತು. ಪರ್ಯಾಪ್ತ ಕೊಬ್ಬು ತೀರ ಕಡಿಮೆ, ಆದ್ದರಿಂದ ತುಪ್ಪ, ವನಸ್ಪತಿ, ಪಾಮ್ ಎಣ್ಣೆಯ ಬದಲು ಬಳಸಿದರೆ ಕೆಟ್ಟ ಕೊಲೆಸ್ಟ್ರಾಲ್ ಇಳಿಯುತ್ತದೆ. ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯ 2024ರ ಆಯೋಗ ಮರೆವಿನ ಕಾಯಿಲೆಗಳ ತಡೆಯಬಹುದಾದ 14 ಕಾರಣಗಳನ್ನು ಪಟ್ಟಿ ಮಾಡಿತು. ನಡುವಯಸ್ಸಿನಲ್ಲಿ ಎಲ್‌ಡಿಎಲ್ ಎಂಬ ಈ ಕೆಟ್ಟ ಕೊಲೆಸ್ಟ್ರಾಲ್ ಹೆಚ್ಚಿರುವುದು ಅದರಲ್ಲಿ ಹೊಸದಾಗಿ ಸೇರಿತು. ಗಮನಿಸಬೇಕಾದ ಮಾತು "ನಡುವಯಸ್ಸು". ಕುಸುಬಿಯ ಲಾಭ ಎಂಬತ್ತರ ಮುತ್ಯಾನಿಗಿಂತ ಅದೇ ತಟ್ಟೆಯಲ್ಲಿ ಉಣ್ಣುವ ನಲವತ್ತೈದರ ಮಗನಿಗೆ ಹೆಚ್ಚು.

ಇದರ ಎದುರು ಪಕ್ಷವೂ ಇದೆ. 1966ರಿಂದ 1973ರ ತನಕ ಸಿಡ್ನಿಯಲ್ಲಿ ಹೃದಯಾಘಾತ ಕಂಡ 458 ಗಂಡಸರ ಮೇಲೆ ಒಂದು ಪ್ರಯೋಗ ನಡೆಯಿತು. ಒಂದು ಗುಂಪಿಗೆ ಪ್ರಾಣಿಜನ್ಯ ಕೊಬ್ಬಿನ ಬದಲು ಕುಸುಬಿ ಎಣ್ಣೆ ಮತ್ತು ಅದರದೇ ಮಾರ್ಗರೀನ್ ಕೊಟ್ಟರು. ಹಳೆಯ ಕಡತ ಬಿಚ್ಚಿ 2013ರಲ್ಲಿ ಮರುಲೆಕ್ಕ ಮಾಡಿದಾಗ ಕುಸುಬಿ ಗುಂಪಿನಲ್ಲೇ ಸಾವು ಹೆಚ್ಚು ಕಂಡವು. ಬೇರೆ ಹಲವು ಪ್ರಯೋಗಗಳು ಇದಕ್ಕೆ ತಾಳೆಯಾಗುವುದಿಲ್ಲ, ಮಾರ್ಗರೀನಿನ ಪಾಲೆಷ್ಟು ಎಂಬ ತಕರಾರೂ ಇದೆ. ಅಷ್ಟಾದರೂ "ಎಷ್ಟು ಸುರಿದರೂ ಒಳ್ಳೆಯದೇ" ಎನ್ನುವವರ ಬಾಯಿ ಮುಚ್ಚಿಸಲು ಇದು ಸಾಕು.

ಮೆದುಳಿನ ಮಟ್ಟಿಗೆ ಕುಸುಬಿಯ ತೊಂದರೆ ಬೆಂಕಿಯಲ್ಲಿದೆ. ಲಿನೋಲಿಕ್ ಆಮ್ಲ ಕಾವು, ಗಾಳಿ, ಬೆಳಕಿಗೆ ಬೇಗ ಒಡೆಯುತ್ತದೆ. ಒಡೆದಾಗ ಹುಟ್ಟುವ ಚೂರುಗಳಲ್ಲಿ ಹೈಡ್ರಾಕ್ಸಿನೊನೆನಾಲ್ ಎಂಬ ಆಲ್ಡಿಹೈಡ್ ಒಂದು. ಅಲ್ಝೈಮರ್ ರೋಗಿಗಳ ಮೆದುಳಿನಲ್ಲಿ ಇದೇ ವಸ್ತು ಹೆಚ್ಚಿರುವುದು ಕಂಡುಬಂದಿದೆ. ಆದರೆ ಅದು ಮೆದುಳಿನ ಸ್ವಂತ ಕೊಬ್ಬು ಕೆಟ್ಟು ಹುಟ್ಟುವಂಥದ್ದು, ಬಾಣಲೆಯಿಂದ ನೇರ ತಲೆಗೇರಿತು ಎಂದು ತೋರಿಸಿದ ಮನುಷ್ಯರ ಪುರಾವೆ ಇಲ್ಲ. ಆದರೂ ಸೋಸದ, ರಿಫೈನ್ ಆಗದ ಕುಸುಬಿ ಎಣ್ಣೆ ಸುಮಾರು 107 ಡಿಗ್ರಿಗೇ ಹೊಗೆ ಬಿಡಲು ಶುರು ಮಾಡುತ್ತದೆ. ಭಜಿ ಕರಿಯಲು ಬೇಕಾದದ್ದು 170ರಿಂದ 180. ಗಾಣದ ಕುಸುಬಿ ಎಣ್ಣೆಯಲ್ಲಿ ಮಿರ್ಚಿ ಭಜಿ ಕರಿದರೆ ಹಣವೂ ಹಾಳು, ಎಣ್ಣೆಯೂ ಹಾಳು. ಪಲ್ಯದ ಹದ ಉರಿ, ರೊಟ್ಟಿಯ ಜೊತೆ ಹಿಂಡಿಯ ಮೇಲೆ ಹಸಿ ಎಣ್ಣೆ, ಇಷ್ಟಕ್ಕೆ ಅದು ಲಾಯಕ್ಕು.

ಇನ್ನು "ಕುಸುಬಿಯಲ್ಲಿ ವಿಟಮಿನ್ ಇ ಐತಿ, ಮರೆವಿಗೆ ಅದೇ ಮದ್ದು" ಎಂಬ ಮಾತು. ಇದಕ್ಕೆ ಬೇರು ಇದೆ: 2014ರಲ್ಲಿ ಅಮೆರಿಕದ 613 ಮಾಜಿ ಸೈನಿಕರ ಮೇಲಿನ ಪ್ರಯೋಗದಲ್ಲಿ ದಿನಕ್ಕೆ 2000 ಯೂನಿಟ್ ವಿಟಮಿನ್ ಇ ಪಡೆದವರ ದಿನನಿತ್ಯದ ಕೆಲಸದ ಶಕ್ತಿ ಸ್ವಲ್ಪ ನಿಧಾನವಾಗಿ ಕುಗ್ಗಿತು. ನೆನಪಿನಲ್ಲಿ ಹೇಳಿಕೊಳ್ಳುವ ಲಾಭ ಕಾಣಲಿಲ್ಲ. ಈಗ ಲೆಕ್ಕ ಹಾಕೋಣ. ಆ 2000 ಯೂನಿಟ್ ಸುಮಾರು 900 ಮಿಲಿಗ್ರಾಂ. ಕುಸುಬಿ ಎಣ್ಣೆಯ 100 ಗ್ರಾಮಿನಲ್ಲಿ ಇರುವುದು 34 ಮಿಲಿಗ್ರಾಮಿನಷ್ಟು. ಅಂದರೆ ದಿನಕ್ಕೆ ಎರಡೂವರೆ ಕಿಲೋಗೂ ಹೆಚ್ಚು ಎಣ್ಣೆ! ಗಾಣದೆತ್ತೂ ಒಪ್ಪದು.

ಕುಸುಬಿಗೆ ಐದರಲ್ಲಿ ಮೂರೂವರೆ ಅಂಕ. ಹೆಚ್ಚು ಉರಿಯ ಬಾಣಲೆಗೆ ಇಳಿಸಿದರೆ ಒಂದೂವರೆ.

ಶೇಂಗಾ

ಶೇಂಗಾ ಎಣ್ಣೆಯಲ್ಲಿ ಅರ್ಧದ ಹತ್ತಿರ ಓಲಿಕ್ ಆಮ್ಲ, ಅಂದರೆ ಆಲಿವ್ ಎಣ್ಣೆಯ ಮುಖ್ಯ ಕೊಬ್ಬು. ಇದು ಲಿನೋಲಿಕ್‌ನಷ್ಟು ಬೇಗ ಕೆಡದು. ಗಾಣದ ಶೇಂಗಾ ಎಣ್ಣೆ 160 ಡಿಗ್ರಿ ತನಕ ತಡೆಯುತ್ತದೆ, ಒಗ್ಗರಣೆಗೆ ಅಷ್ಟು ಬೇಕಾದಷ್ಟಾಯಿತು. ಮುದುಕರು ಉಣ್ಣುವುದು ರುಚಿಗೆ, ಈ ಎಣ್ಣೆಯ ವಾಸನೆ ಇಲ್ಲಿನ ನಾಲಿಗೆಗೆ ಹುಟ್ಟಿದಾಗಿನಿಂದ ಗೊತ್ತು. ಊಟ ಬೇಡವೆನ್ನುವ ರೋಗಿಗೆ ಇದು ಸಣ್ಣ ಗುಣವಲ್ಲ.

ಇಲ್ಲಿ ಕೈಕೊಡುವುದು ಬೂಸ್ಟು. ಶೇಂಗಾ ಕೀಳುವ ಹೊತ್ತಿಗೆ ಮಳೆ ಹಿಡಿದರೆ, ಒಣಗದ ಕಾಯಿ ಚೀಲ ಸೇರಿದರೆ, ಅಸ್ಪರ್ಜಿಲಸ್ ಶಿಲೀಂಧ್ರ ಹತ್ತಿ ಅಫ್ಲಾಟಾಕ್ಸಿನ್ ವಿಷ ಕೂಡುತ್ತದೆ. ಯಕೃತ್ತಿಗೆ ಇದು ಹಗೆ. ಕಾರ್ಖಾನೆಯ ರಿಫೈನಿಂಗ್ ಈ ವಿಷವನ್ನು ಬಹುಪಾಲು ತೆಗೆಯುತ್ತದೆ, ಗಾಣ ತೆಗೆಯುವುದಿಲ್ಲ. ಗಾಣದೆಣ್ಣೆಯ ಶುದ್ಧತೆ ಬೀಜದ ಶುದ್ಧತೆಗಿಂತ ಒಂದು ಕೂದಲೂ ಮೇಲಲ್ಲ ಎನ್ನುವುದನ್ನು ಯಾವ ಅಂಗಡಿಯ ಬೋರ್ಡೂ ಬರೆಯುವುದಿಲ್ಲ. ಮುರುಟಿದ, ಕಪ್ಪಾದ, ಹಸಿರು-ಹಳದಿ ಬೂದಿ ಹಿಡಿದ ಕಾಳನ್ನು ಆರಿಸಿ ಎಸೆದು ಅರೆಸಬೇಕು. ಒಡೆದ ಕಾಳನ್ನು ಕಡಿಮೆ ದರಕ್ಕೆ ಕೊಂಡು ಅರೆಯುವ ಅಂಗಡಿಯಾದರೆ ಬೇರೆ ಅಂಗಡಿ ನೋಡಬೇಕು.

ಅಂಕ ನಾಲ್ಕು. ಇಡೀ ಪೇಟೆಯಲ್ಲಿ ಅಡುಗೆಗೆ ಇದಕ್ಕಿಂತ ಹೆಚ್ಚು ಯಾವುದಕ್ಕೂ ಕೊಟ್ಟಿಲ್ಲ. ಎಳ್ಳೆಣ್ಣೆಯೂ ಇದರ ಸರೀಕ: ಓಲಿಕ್, ಲಿನೋಲಿಕ್ ಎರಡೂ ಸಮಸಮ, ಒಳಗಿರುವ ಸೆಸಮಾಲ್ ಎಣ್ಣೆಯನ್ನು ಬೇಗ ಕೆಡಲು ಬಿಡದು. ದರ ಮಾತ್ರ ಏರು.

ಕೊಬ್ಬರಿ ಎಣ್ಣೆ ಮತ್ತು ಎಂಸಿಟಿ

ಮರೆವಿನ ಹೆಸರಿನಲ್ಲಿ ಅತಿ ಹೆಚ್ಚು ಮಾರಾಟವಾಗುವ ಮಾತು ಇದು. ನಡುಗಾತ್ರದ ಸರಪಳಿಯ ಕೊಬ್ಬು, ಅದೇ ಎಂಸಿಟಿ, ಕರುಳಿನಿಂದ ನೇರ ಯಕೃತ್ತಿಗೆ ಹೋಗಿ ತಟ್ಟನೆ ಕೀಟೋನ್ ಆಗುತ್ತದೆ. ಇದರಲ್ಲಿ ಕೆಲಸ ಮಾಡುವುದು ಎಂಟು ಇಂಗಾಲದ ಕ್ಯಾಪ್ರಿಲಿಕ್, ಅದರ ಹಿಂದೆ ಹತ್ತು ಇಂಗಾಲದ ಕ್ಯಾಪ್ರಿಕ್. ಕೊಬ್ಬರಿ ಎಣ್ಣೆಯಲ್ಲಿ ಇವೆರಡೂ ಸೇರಿ ನೂರಕ್ಕೆ 14ರಷ್ಟು ಮಾತ್ರ. ಅರ್ಧದ ಹತ್ತಿರ ಇರುವುದು ಹನ್ನೆರಡು ಇಂಗಾಲದ ಲಾರಿಕ್, ಅದು ಬಹುಮಟ್ಟಿಗೆ ಉದ್ದ ಸರಪಳಿಯ ಕೊಬ್ಬಿನ ದಾರಿಯನ್ನೇ ಹಿಡಿಯುತ್ತದೆ.

ಕೆನಡಾದ ಶೆರ್‌ಬ್ರೂಕ್‌ನಲ್ಲಿ ಸ್ಟೀಫನ್ ಕುನ್ನೇನ್ ತಂಡ ಮರೆವಿನ ಮೊದಲ ಮೆಟ್ಟಿಲಲ್ಲಿದ್ದವರಿಗೆ ಆರು ತಿಂಗಳು ದಿನಕ್ಕೆ 30 ಗ್ರಾಂ ಎಂಸಿಟಿ ಕೊಟ್ಟಿತು. ಮೆದುಳು ಎಳೆದುಕೊಳ್ಳುವ ಕೀಟೋನ್ ಎರಡು ಪಟ್ಟಿಗೂ ಹೆಚ್ಚಾಯಿತು, ನೆನಪು ಮತ್ತು ಭಾಷೆಯ ಕೆಲವು ಪರೀಕ್ಷೆಗಳಲ್ಲಿ ಸುಧಾರಣೆ ಕಂಡಿತು. ಅವರು ಪೂರ್ಣ ಅಲ್ಝೈಮರ್ ರೋಗಿಗಳಾಗಿರಲಿಲ್ಲ ಎಂಬುದನ್ನು ಅಂಗಡಿಯ ಚೀಟಿಗಳು ನುಂಗಿಬಿಡುತ್ತವೆ. ರೋಗ ನಿಶ್ಚಯವಾದ ಸುಮಾರು 400 ಜನರಿಗೆ 26 ವಾರ ಕ್ಯಾಪ್ರಿಲಿಕ್ ಆಧಾರಿತ ಪುಡಿ ಕೊಟ್ಟ ಅಮೆರಿಕದ ದೊಡ್ಡ ಪ್ರಯೋಗ ಸೋತಿತು. ಆ ಪುಡಿಯ ಹೊಸ ನಮೂನೆಯಿಂದ ರಕ್ತದಲ್ಲಿ ಸಾಕಷ್ಟು ಕೀಟೋನೇ ಏರಲಿಲ್ಲ ಎಂಬ ಸಮಜಾಯಿಷಿ ಬಂತು. ಇರಬಹುದು. ಆದರೂ ಸೋಲು ಸೋಲೇ.

30 ಗ್ರಾಂ ಎಂಸಿಟಿಯನ್ನು ಕೊಬ್ಬರಿ ಎಣ್ಣೆಯಿಂದ ಪಡೆಯಲು ಬೇಕಾಗುವುದು ಸುಮಾರು 215 ಗ್ರಾಂ ಎಣ್ಣೆ. ಅಂದರೆ 1900 ಕ್ಯಾಲರಿ, ಹೆಚ್ಚುಕಡಿಮೆ ಒಬ್ಬ ಹಿರಿಯರ ಇಡೀ ದಿನದ ಊಟ, ಅದರಲ್ಲಿ 190 ಗ್ರಾಂ ಪರ್ಯಾಪ್ತ ಕೊಬ್ಬು. ಮುಂಜಾನೆಯ ಎರಡು ಚಮಚದಲ್ಲಿ ಸಿಗುವ ಎಂಸಿಟಿ ಒಂದೂವರೆ ಗ್ರಾಮಿಗೂ ಕಡಿಮೆ. ಆ ಎರಡು ಚಮಚದ ಮೇಲೆ ಎರಡು ರೊಟ್ಟಿ, ಅನ್ನ ಉಂಡರೆ ಏರುವ ಇನ್ಸುಲಿನ್ ಕೀಟೋನನ್ನು ಇನ್ನೂ ತಗ್ಗಿಸುತ್ತದೆ. ಕೊಬ್ಬರಿ ಎಣ್ಣೆಗೆ ಮೆದುಳಿನ ಔಷಧ ಎಂಬ ಲೆಕ್ಕದಲ್ಲಿ ಸೊನ್ನೆ, ತಲೆಗೆ ಹಚ್ಚಲು ಐದಕ್ಕೆ ಐದು.

ಎಂಸಿಟಿ ಬಾಟಲಿಯನ್ನು ಡಾಕ್ಟರ್ ಒಪ್ಪಿದ ಮೇಲೆಯೇ ಕೊಳ್ಳುವುದಾದರೆ, ಕೆಲವು ಸಂಗತಿ ನೋಡಿಕೊಳ್ಳಬೇಕು. ಚೀಟಿಯಲ್ಲಿ ಸಿ8 (ಕ್ಯಾಪ್ರಿಲಿಕ್), ಸಿ10 (ಕ್ಯಾಪ್ರಿಕ್) ಎಷ್ಟು ಗ್ರಾಂ ಎಂದು ಬೇರೆಬೇರೆ ಬರೆದಿರಬೇಕು. "ತೆಂಗಿನ ಮೂಲದ ಎಂಸಿಟಿ" ಎಂದಷ್ಟೇ ಇದ್ದರೆ ಒಳಗೆ ಲಾರಿಕ್ ತುಂಬಿರಲು ಸಾಧ್ಯ. ಶುರು 5 ಮಿಲಿಲೀಟರಿನಿಂದ, ಅದೂ ಊಟದ ಜೊತೆಗೆ. ಹೊಟ್ಟೆ ತಡೆದರೆ ವಾರಕ್ಕೊಮ್ಮೆ ಒಂದೊಂದು ಚಮಚ ಏರಿಸುತ್ತ, ಎರಡು ಹೊತ್ತಿಗೆ ಹಂಚಬೇಕು. ಖಾಲಿ ಹೊಟ್ಟೆಗೆ ಒಮ್ಮೆಲೇ 15 ಮಿಲಿ ಕೊಟ್ಟರೆ ಹೊಟ್ಟೆ ನುಲಿತ, ಭೇದಿಯ ಸಾಧ್ಯತೆ ಹೆಚ್ಚು. ಹಾಸಿಗೆ ಒದ್ದೆಯಾಗುವ ಮನೆಯಲ್ಲಿ ಇದರ ಅರ್ಥ ಹೇಳಬೇಕಿಲ್ಲ. ಅಲ್ಝೈಮರ್‌ಗೆ ಕೊಡುವ ಡೊನೆಪೆಜಿಲ್ ಮಾತ್ರೆಯೂ ವಾಕರಿಕೆ, ಭೇದಿ ತರುತ್ತದೆ. ಮಾತ್ರೆ ಶುರುವಾದ ಹದಿನೈದು ದಿನದಲ್ಲೇ ಎಂಸಿಟಿಯನ್ನೂ ಶುರು ಮಾಡಿದರೆ ಭೇದಿಗೆ ಕಾರಣ ಯಾವುದೆಂದು ತಿಳಿಯದೆ, ಬೇಕಾದ ಮಾತ್ರೆಯನ್ನೇ ಮನೆಯವರು ನಿಲ್ಲಿಸಿಬಿಡುತ್ತಾರೆ. ಸಕ್ಕರೆ ಕಾಯಿಲೆಗೆ ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ನುಂಗುವವರಲ್ಲಿ ಮತ್ತು ಇನ್ಸುಲಿನ್ ಚುಚ್ಚಿಸಿಕೊಳ್ಳುವವರಲ್ಲಿ ಕೀಟೋನ್ ಹೆಚ್ಚಿಸುವ ಯಾವ ಪ್ರಯೋಗವನ್ನೂ ಮನೆಯಲ್ಲಿ ಮಾಡಬಾರದು. ರಕ್ತ ಆಮ್ಲವಾಗುವ ಅಪಾಯವಿದೆ. ಯಕೃತ್ತು ಕೆಟ್ಟವರಿಗೂ ಬೇಡ. ಥರ್ಮಾಕೋಲ್ ಲೋಟಕ್ಕೆ ಸುರಿಯಬಾರದು, ಈ ಎಣ್ಣೆ ಅದನ್ನು ತಿನ್ನುತ್ತದೆ. ಸ್ಟೀಲು, ಗಾಜು ಆದೀತು. ಬೆಲೆಗೆ ತಕ್ಕ ಫಲವಿಲ್ಲ. ಎರಡು ಅಂಕ.

ಅಗಸಿ

ಅಗಸಿ ಎಣ್ಣೆಯಲ್ಲಿ ನೂರಕ್ಕೆ 50ಕ್ಕೂ ಹೆಚ್ಚು ಆಲ್ಫಾ ಲಿನೋಲೆನಿಕ್ ಆಮ್ಲ, ಸಸ್ಯಮೂಲದ ಒಮೆಗಾ-3. ಮೆದುಳಿಗೆ ಬೇಕಾದದ್ದು ಡಿಎಚ್‌ಎ ಎಂಬ ಇನ್ನೊಂದು ಬಗೆಯ ಒಮೆಗಾ-3. ನಮ್ಮ ದೇಹ ಅಗಸಿಯ ಒಮೆಗಾವನ್ನು ಡಿಎಚ್‌ಎ ಮಾಡುವುದು ನೂರಕ್ಕೆ ಒಂದರಷ್ಟೂ ಅಲ್ಲ. ನೇರ ಡಿಎಚ್‌ಎಯನ್ನೇ ದಿನಕ್ಕೆ 2 ಗ್ರಾಮಿನಂತೆ 18 ತಿಂಗಳು 402 ಅಲ್ಝೈಮರ್ ರೋಗಿಗಳ ಪ್ರಯೋಗದಲ್ಲಿ ಪರೀಕ್ಷಿಸಿದ ವರದಿ 2010ರಲ್ಲಿ ಬಂತು, ರೋಗದ ಇಳಿಜಾರು ನಿಧಾನವಾಗಲಿಲ್ಲ. ಹೀಗಿರುವಾಗ ಅಗಸಿ ಎಣ್ಣೆಯಿಂದ ನೆನಪು ಮರಳೀತೆಂದು ನಂಬುವುದು ಎಮ್ಮೆ ಕೊಳ್ಳುವ ಮೊದಲೇ ತುಪ್ಪದ ಲೆಕ್ಕ ಹಾಕಿದಂತೆ.

ಆದರೆ ಕುಸುಬಿ, ಸೂರ್ಯಕಾಂತಿಯ ಒಮೆಗಾ-6ರಲ್ಲೇ ಮುಳುಗಿದ ನಮ್ಮ ಊಟಕ್ಕೆ ಒಮೆಗಾ-3 ಕೂಡಿಸುವ ಅಗ್ಗದ ದಾರಿ ಅಗಸಿಯೇ. ಬಾಟಲಿ ಎಣ್ಣೆಯನ್ನು ಮಾತ್ರ ಕೊಳ್ಳಬಾರದು. ವಿಜಯಪುರದ ಬೇಸಿಗೆ 40 ಡಿಗ್ರಿ ದಾಟುತ್ತದೆ, ಅಂಗಡಿಯ ಮುಂಗಟ್ಟಿನಲ್ಲಿ ಬಿಳಿ ಪ್ಲಾಸ್ಟಿಕ್ ಬಾಟಲಿ ಬಿಸಿಲಿಗೆ ಕೂತಿರುತ್ತದೆ. ಈ ಪೇಟೆಯ ಎಣ್ಣೆಗಳಲ್ಲಿ ಅಗಸಿಯಷ್ಟು ಬೇಗ ಕಮಟಾಗುವುದು ಇನ್ನೊಂದಿಲ್ಲ. ಮೀನೆಣ್ಣೆಯಂತೆ, ಬಣ್ಣದ ಡಬ್ಬಿಯಂತೆ ವಾಸನೆ ಬಂದರೆ ಮುಗಿಯಿತು. ಕೊಳ್ಳಲೇಬೇಕಿದ್ದರೆ ಕಪ್ಪು ಗಾಜಿನ 100 ಮಿಲಿ ಬಾಟಲಿ, ಫ್ರಿಜ್ಜಿನಲ್ಲಿ, ತೆರೆದ ಮೇಲೆ ತಿಂಗಳೊಳಗೆ ಖಾಲಿ, ಒಲೆಗೆ ಕೂಡದು.

ಇದಕ್ಕಿಂತ ಅಗಸಿ ಹಿಂಡಿ ಮೇಲು. (ಹೊರಗಿನವರಿಗೆ ಒಂದು ಮಾತು: ಇಲ್ಲಿ ಎಣ್ಣೆ ತೆಗೆದ ಮೇಲೆ ದನಕ್ಕೆ ಹಾಕುವುದೂ ಹಿಂಡಿ, ರೊಟ್ಟಿಗೆ ಹಚ್ಚಿಕೊಳ್ಳುವ ಪುಡಿಯೂ ಹಿಂಡಿ. ಅಂಗಡಿಯಲ್ಲಿ ಸ್ಪಷ್ಟ ಹೇಳದಿದ್ದರೆ ಎಮ್ಮೆಯ ಪಾಲು ಮನೆಗೆ ಬರುತ್ತದೆ.) ಬೀಜದ ಸಿಪ್ಪೆಯೊಳಗೆ ಎಣ್ಣೆ ಭದ್ರವಾಗಿರುತ್ತದೆ, ಹದವಾಗಿ ಹುರಿದರೂ ಅಷ್ಟಾಗಿ ಕೆಡದು. ಸಣ್ಣ ಉರಿಯಲ್ಲಿ ಚಟಚಟ ಸಿಡಿಯುವ ತನಕ ಹುರಿದು, ಆರಿಸಿ, ಬೆಳ್ಳುಳ್ಳಿ, ಒಣಮೆಣಸಿನಕಾಯಿ, ಜೀರಿಗೆ, ಉಪ್ಪು ಕೂಡಿಸಿ ಕುಟ್ಟಬೇಕು. ಇಡಿ ಬೀಜ ನುಂಗಿದರೆ ಹೊಟ್ಟೆಯಿಂದ ಹಾಗೆಯೇ ಹೊರಬೀಳುತ್ತದೆ. ಒಂದು ದೊಡ್ಡ ಚಮಚ ಪುಡಿಯಲ್ಲಿ ಸುಮಾರು ಒಂದೂವರೆ ಗ್ರಾಂ ಒಮೆಗಾ-3 ಇರುತ್ತದೆ, ದಿನದ ಮಟ್ಟಿಗೆ ಅಷ್ಟು ಸಾಕು. ಹತ್ತು ದಿನಕ್ಕಾಗುವಷ್ಟು ಮಾತ್ರ ಕುಟ್ಟಿಡಬೇಕು. ಅಗಸಿಯ ಲೋಳೆ ಮಾತ್ರೆಗಳನ್ನು ಹಿಡಿದಿಟ್ಟುಕೊಳ್ಳುವುದರಿಂದ ಔಷಧಕ್ಕೂ ಹಿಂಡಿಗೂ ಒಂದೆರಡು ತಾಸು ಅಂತರ ಇರಲಿ, ನೀರು ಹೆಚ್ಚು ಕುಡಿಸಬೇಕು. ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರು ಡಾಕ್ಟರಿಗೆ ತಿಳಿಸಿಯೇ ಶುರು ಮಾಡಬೇಕು. ಹಿಂಡಿಗೆ ನಾಲ್ಕೂವರೆ. ಬಾಟಲಿಗೆ ಒಂದೂವರೆ.

ದೂರದ ಎಣ್ಣೆಗಳ ಬಗ್ಗೆ ಚುಟುಕಾಗಿ. ಆಲಿವ್ ಎಣ್ಣೆಯ ಪರ ಪುರಾವೆ ಇದ್ದುದರಲ್ಲಿ ಹೆಚ್ಚು: 92,000ಕ್ಕೂ ಹೆಚ್ಚು ಅಮೆರಿಕನ್ನರನ್ನು 28 ವರ್ಷ ಗಮನಿಸಿದ 2024ರ ಅಧ್ಯಯನದಲ್ಲಿ, ದಿನಕ್ಕೆ 7 ಗ್ರಾಮಿಗಿಂತ ಹೆಚ್ಚು ತಿಂದವರಲ್ಲಿ ಮರೆವಿನ ಕಾಯಿಲೆಯಿಂದ ಸತ್ತವರು ನೂರಕ್ಕೆ 28ರಷ್ಟು ಕಡಿಮೆ. ಇದು ಗಮನಿಸಿದ್ದು, ಕೊಟ್ಟು ನೋಡಿದ್ದಲ್ಲ. ಕೊಟ್ಟು ನೋಡಿದ ಒಂದು ದೊಡ್ಡ ಪ್ರಯೋಗದಲ್ಲಿ ಫಲ ಸಪ್ಪೆ. ಆಲಿವ್ ಎಣ್ಣೆ, ಸೊಪ್ಪು, ಬೀಜಗಳನ್ನು ಸೇರಿಸಿದ ಮೈಂಡ್ ಎಂಬ ಆಹಾರಕ್ರಮವನ್ನು 604 ಜನರ ಮೇಲೆ ಮೂರು ವರ್ಷ ಪರೀಕ್ಷಿಸಿದಾಗ, 2023ರ ವರದಿಯಂತೆ, ಹೋಲಿಕೆಯ ಗುಂಪಿಗಿಂತ ಹೆಚ್ಚಿನ ಲಾಭ ಕಾಣಲಿಲ್ಲ. ಕನೋಲಾ ಎಣ್ಣೆ ಇಲಿಗಳ ನೆನಪನ್ನು ಕೆಡಿಸಿತೆಂಬ 2017ರ ಸುದ್ದಿ ಮೊಬೈಲಿನಲ್ಲಿ ಈಗಲೂ ಸುತ್ತುತ್ತಿದೆ. ಅದು ಅಲ್ಝೈಮರ್ ಬರುವಂತೆ ವಂಶವಾಹಿ ತಿದ್ದಿದ ಇಲಿಗಳ ಕಥೆ, ಅದನ್ನು ಓದಿ ಅಡುಗೆಮನೆ ಬದಲಿಸಬೇಕಿಲ್ಲ. ವನಸ್ಪತಿಯ ಮಾತು ಬೇರೆ. ಜಪಾನಿನ ಹಿಸಾಯಾಮಾದಲ್ಲಿ ರಕ್ತದಲ್ಲಿ ಟ್ರಾನ್ಸ್ ಕೊಬ್ಬು (ಎಣ್ಣೆಯನ್ನು ವನಸ್ಪತಿಯಾಗಿ ಗಟ್ಟಿ ಮಾಡುವಾಗ ಹುಟ್ಟುವ ಕೊಬ್ಬು) ಹೆಚ್ಚಿದ್ದವರಿಗೆ ಮರೆವಿನ ಕಾಯಿಲೆ ಹೆಚ್ಚು ಬಂದದ್ದು 2019ರಲ್ಲಿ ವರದಿಯಾಗಿದೆ. 2022ರಿಂದ ನಮ್ಮ ದೇಶದಲ್ಲಿ ಎಣ್ಣೆ-ಕೊಬ್ಬುಗಳಲ್ಲಿ ಟ್ರಾನ್ಸ್ ಕೊಬ್ಬು ನೂರಕ್ಕೆ 2 ಮೀರಬಾರದು ಎಂಬ ನಿಯಮವಿದೆ. ಆದರೆ ಭಜಿ ಅಂಗಡಿಯ ಬಾಣಲೆಯಲ್ಲಿ ಮೂರು ದಿನ ಕುದ್ದ ಎಣ್ಣೆಗೆ ಆ ಚೀಟಿ ಅಂಟಿರುವುದಿಲ್ಲ.

ಅಂಗಡಿಯಲ್ಲಿ ನೋಡಬೇಕಾದದ್ದು

ಮೊದಲ ಪರೀಕ್ಷೆ ಲೆಕ್ಕದ್ದು, ಇದಕ್ಕೆ ಪ್ರಯೋಗಾಲಯ ಬೇಡ. ಒಂದು ಲೀಟರ್ ಎಣ್ಣೆ ಸುಮಾರು 915 ಗ್ರಾಂ ತೂಗುತ್ತದೆ. ಶೇಂಗಾ ಕಾಳಿನಿಂದ ಗಾಣ ನೂರಕ್ಕೆ 40ರಷ್ಟು ಹಿಂಡಿದರೆ ಲೀಟರಿಗೆ ಎರಡೂಕಾಲು-ಎರಡೂವರೆ ಕಿಲೋ ಕಾಳು ಬೇಕು. ಕುಸುಬಿಯಲ್ಲಿ ಸಿಪ್ಪೆಯ ಪಾಲು ದೊಡ್ಡದು, ನೂರಕ್ಕೆ 25ರಷ್ಟು ಬಂದರೆ ಲೀಟರಿಗೆ ಮೂರೂವರೆ ಕಿಲೋ ದಾಟುತ್ತದೆ. ಅಂದಿನ ಎಪಿಎಂಸಿ ದರದಿಂದ ಇದನ್ನು ಗುಣಿಸಿ, ಹಿಂಡಿ ಮಾರಿದ ಹಣ ಕಳೆದು, ಅರೆಯುವ ಕೂಲಿ ಕೂಡಿಸಬೇಕು. ಇದಕ್ಕಿಂತ ಕಡಿಮೆಗೆ "ಶುದ್ಧ ಗಾಣದೆಣ್ಣೆ" ಮಾರುವವರು ಧರ್ಮಕ್ಕೆ ಅಂಗಡಿ ಇಟ್ಟಿರುವುದಿಲ್ಲ, ಒಳಗೆ ಪಾಮ್ ಎಣ್ಣೆಯೋ ಹತ್ತಿಕಾಳೆಣ್ಣೆಯೋ ಸೇರಿರುತ್ತದೆ.

ದರ ಕಿಲೋಗೋ ಲೀಟರಿಗೋ ಎಂದು ಕೇಳಲೇಬೇಕು. ಕಿಲೋ ಅಂದರೆ 1,090 ಮಿಲಿ, ತೊಂಬತ್ತು ಮಿಲಿಯ ಫರಕು ಅಲ್ಲೇ ಬಿದ್ದಿದೆ. ಪೊಟ್ಟಣದಲ್ಲಿ ಕೊಳ್ಳುವಾಗ ಗ್ರಾಂ ಓದಬೇಕು. "ಮಿಶ್ರ ಖಾದ್ಯ ಎಣ್ಣೆ" ಎಂದಿದ್ದರೆ ಹೆಸರಿಗೆ ಕುಸುಬಿ, ನೂರಕ್ಕೆ 20 ಇದ್ದರೂ ನಿಯಮಕ್ಕೆ ಸಾಕು. ಯಾವುದು ಎಷ್ಟು ಪಾಲು ಎಂದು ಚೀಟಿಯಲ್ಲಿ ಬರೆದಿರಬೇಕು.

ಕುಸುಬಿ ಎಣ್ಣೆಯನ್ನು ಸಣ್ಣ ಗಾಜಿನ ಶೀಶೆಯಲ್ಲಿ ಒಂದು ರಾತ್ರಿ ಫ್ರಿಜ್ಜಿನಲ್ಲಿಟ್ಟರೆ ತಿಳಿಯಾಗಿಯೇ ಇರಬೇಕು. ಗಟ್ಟಿಯಾದರೆ, ತುಂಬ ಮಬ್ಬಾದರೆ ಪಾಮ್ ಸೇರಿದೆ ಎಂದು ಸಂಶಯಿಸಬಹುದು. ತಿಳಿಯಿದ್ದ ಮಾತ್ರಕ್ಕೆ ಶುದ್ಧವೆಂದು ಕುಣಿಯಬಾರದು: ಸೂರ್ಯಕಾಂತಿ ಬೆರೆಸಿದರೆ ಫ್ರಿಜ್ಜು ಹಿಡಿಯಲಾರದು.

ನಿಮ್ಮದೇ ಬೀಜ ಒಯ್ದು ಅರೆಸುವುದು ಎಲ್ಲಕ್ಕಿಂತ ಒಳ್ಳೆಯದು. ಹಿಂದಿನ ದಿನ ಕಾಳು ಕೇರಿ, ಕಲ್ಲು-ಕಸ ತೆಗೆದು ಬಿಸಿಲಿಗೆ ಹಾಕಬೇಕು. ಒಂದು ಗಾಣಕ್ಕೆ ಕನಿಷ್ಠ ಎಷ್ಟು ಕಿಲೋ ಬೇಕೆಂದು ಮೊದಲೇ ಕೇಳಿ ಹೋಗಬೇಕು. ಕಡಿಮೆ ಒಯ್ದರೆ ಒನಕೆ ಸರಿಯಾಗಿ ಕೂರದೆ ಎಣ್ಣೆ ಬರುವುದಿಲ್ಲ. ಹಿಂದಿನವರ ಸರಕು ಒರಳಿನಲ್ಲಿ ಉಳಿದಿದ್ದರೆ ಕೆರೆದು ತೆಗೆಸಿಯೇ ಸುರಿಯಬೇಕು, ಇಲ್ಲವಾದರೆ ಮೊದಲ ಅರ್ಧ ಲೀಟರ್ ಅವರದು. ಎಣ್ಣೆ ಬಿಡಲೆಂದು ನೀರು ಚಿಮುಕಿಸುತ್ತಾರೆ. ಒಂದು ಹಿಡಿ ಸರಿ, ತಂಬಿಗೆಗಟ್ಟಲೆ ಸುರಿದರೆ ತೇವ ಎಣ್ಣೆಯಲ್ಲೇ ಉಳಿದು ವಾರದಲ್ಲಿ ಹುಳಿವಾಸನೆ ಹಿಡಿಯುತ್ತದೆ. ಒಣಗಿದ ಸ್ಟೀಲಿನ ಡಬ್ಬಿ ಒಯ್ಯಬೇಕು. ಮನೆಗೆ ತಂದು ಮೂರು-ನಾಲ್ಕು ದಿನ ಅಲುಗಾಡಿಸದೆ ಇಟ್ಟರೆ ಮಡ್ಡಿ ತಳ ಸೇರುತ್ತದೆ, ಮೇಲಿನ ತಿಳಿಯನ್ನು ಬಸಿದುಕೊಂಡು ಮಡ್ಡಿಯನ್ನು ಬಿಡಬೇಕು. ಮಡ್ಡಿ ಇರುವ ಎಣ್ಣೆ ಬೇಗ ನೊರೆಯುತ್ತದೆ, ಬೇಗ ಹೊಗೆಯಾಡುತ್ತದೆ.

ಎಷ್ಟು ಹಾಕುವುದು, ಹೇಗೆ ಉಣಿಸುವುದು

ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯ 2024ರ ಮಾರ್ಗಸೂಚಿಯಲ್ಲಿ 2000 ಕ್ಯಾಲರಿಯ ದಿನದೂಟಕ್ಕೆ ಎಣ್ಣೆ-ಕೊಬ್ಬು 27 ಗ್ರಾಂ, ಅಂದರೆ ಆರು ಸಣ್ಣ ಚಮಚ. ನಾಲ್ಕು ಜನರ ಮನೆಗೆ ತಿಂಗಳಿಗೆ ಮೂರೂವರೆ ಲೀಟರ್. ಇದನ್ನು ಒಂದೇ ಡಬ್ಬಿಯಲ್ಲಿ ತರದೆ ಶೇಂಗಾ ಎರಡು, ಕುಸುಬಿ ಒಂದೂವರೆ ಎಂದು ಹಂಚಿಕೊಂಡರೆ ಎರಡರ ಕೊರತೆಯೂ ತುಂಬುತ್ತದೆ.

ರೋಗಿಯ ಲೆಕ್ಕ ಮಾತ್ರ ಬೇರೆ. ಅಲ್ಝೈಮರ್ ಮುಂದುವರಿದಂತೆ ಮೈ ಇಳಿಯುತ್ತದೆ. ಉಣ್ಣಲು ಮರೆಯುತ್ತಾರೆ, ಉಂಡರೂ ತಿರುಗಾಡಿ ಕರಗಿಸುತ್ತಾರೆ. ಆಗ ಕೊಬ್ಬು ಕಡಿಮೆ ಮಾಡುವುದಲ್ಲ, ಕೂಡಿಸುವುದೇ ಕೆಲಸ. ಒಂದು ಸಣ್ಣ ಚಮಚ ಎಣ್ಣೆ 40 ಕ್ಯಾಲರಿ. ಸಾರಿನಲ್ಲಿ ನೆನೆಸಿ ಮೆದುವಾದ ರೊಟ್ಟಿಯ ಮೇಲೆ, ಮೆತ್ತನೆಯ ಬ್ಯಾಳಿ-ಅನ್ನದ ಮೇಲೆ ಚಮಚ ಹಾಕಿ ಕಲಸಿದರೆ ತುತ್ತಿನ ಗಾತ್ರ ಬೆಳೆಯದೆ ಶಕ್ತಿ ಬೆಳೆಯುತ್ತದೆ, ಗಂಟಲಲ್ಲಿ ಜಾರಿಯೂ ಹೋಗುತ್ತದೆ. ಇಲ್ಲಿ ಎಣ್ಣೆ ನಿಜವಾದ ಉಪಕಾರ ಮಾಡುತ್ತದೆ, ಆದರೆ ಈ ಉಪಕಾರವನ್ನು ಯಾವ ಬೋರ್ಡೂ ಸಾರುವುದಿಲ್ಲ.

ಬರೀ ಎಣ್ಣೆಯನ್ನು ಚಮಚದಲ್ಲಿ ಬಾಯಿಗೆ ಹೊಯ್ಯುವುದು ಎಂದೂ ಬೇಡ. ನುಂಗುವ ಹದ ತಪ್ಪಿದವರಲ್ಲಿ ಎಣ್ಣೆ ಕೆಮ್ಮನ್ನೂ ಎಬ್ಬಿಸದೆ ಶ್ವಾಸಕೋಶಕ್ಕೆ ಇಳಿಯುತ್ತದೆ, ಅಲ್ಲಿ ಕೂತು ನ್ಯುಮೋನಿಯಾ ತರುತ್ತದೆ. ಎಣ್ಣೆ ಬಾಯಿ ಮುಕ್ಕಳಿಸುವುದು, ಮೂಗಿಗೆ ಎಣ್ಣೆ ಬಿಡುವುದು ಕೂಡ ಇದೇ ಕಾರಣಕ್ಕೆ ನಿಲ್ಲಬೇಕು. ಅಂಗಡಿಯವರ "ಎರಡ ಚಮಚಾ ಕುಡಸ್ರಿ" ಎಂಬ ಸಲಹೆಯಲ್ಲಿ ಫಲವಿಲ್ಲದ್ದು ಒಂದು ದೋಷ, ಇದು ದೊಡ್ಡ ದೋಷ.

ಇನ್ನೊಂದು, ಮನೆಯವರು ತಡವಾಗಿ ಗಮನಿಸುವಂಥದ್ದು. ಈ ಕಾಯಿಲೆಯಲ್ಲಿ ವಾಸನೆ ಹಿಡಿಯುವ ಶಕ್ತಿ ಬಹಳ ಬೇಗ ಕುಂದುತ್ತದೆ, ಎಷ್ಟೋ ಸಲ ಮರೆವು ಎದ್ದು ಕಾಣುವ ಮೊದಲೇ. ಐವತ್ತು ವರ್ಷ ಡಬ್ಬಿಯ ಮುಚ್ಚಳ ತೆಗೆದು "ಎಣ್ಣಿ ಕಮಟ ಆಗೇತಿ" ಎಂದು ಹೇಳುತ್ತಿದ್ದ ಅವ್ವನಿಗೆ ಈಗ ಕಮಟು ತಿಳಿಯುವುದಿಲ್ಲ, ಒಲೆಯ ಮೇಲೆ ಕಾದು ಹೊಗೆಯಾಡುವ ಬಾಣಲೆಯೂ ತಿಳಿಯುವುದಿಲ್ಲ. ಎಣ್ಣೆ ಡಬ್ಬಿಯ ಮೇಲೆ ಅರೆಸಿದ ತಾರೀಖು ಬರೆದು ಅಂಟಿಸುವುದು, ವಾರಕ್ಕೊಮ್ಮೆ ಮನೆಯ ಬೇರೊಬ್ಬರು ಮೂಸಿ ನೋಡುವುದು, ರಾತ್ರಿ ಸಿಲಿಂಡರಿನ ರೆಗ್ಯುಲೇಟರ್ ಬಂದ್ ಮಾಡುವುದು, ಇವು ಎಣ್ಣೆ ತಂದ ದಿನವೇ ಶುರುವಾಗಬೇಕಾದ ಕೆಲಸ. ಗಾಣದ ಎಣ್ಣೆ ಬೇಸಿಗೆಯಲ್ಲಿ ಎರಡು ತಿಂಗಳಿಗಿಂತ ಹೆಚ್ಚು ಇಡಬಾರದು. ಏಪ್ರಿಲ್-ಮೇ ತಿಂಗಳಿಗೆ ಐದು ಲೀಟರಿನ ಡಬ್ಬಿ ಬೇಡ, ಒಂದೊಂದೇ ಲೀಟರ್ ಸಾಕು.